ದಬ್ಬಣ ಮತ್ತು ಅಂಗಾಲು

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಆಸ್ಪತ್ರೆಯಿಂದ ಮನೆಗೆ ಬಂದ ವರ್ಷ ಬೆರಳುಗಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಅದೊಂದೇ ನಿಜವಾದ ಕಾರಣ. ಮರುವರ್ಷ ಪೆನ್ನು ನಿಂತಿತು, ಕನ್ನಡಕ ಸರಿಯಿಲ್ಲ ಎಂದೆ. ಕನ್ನಡಕ ಬಂದ ಮೇಲೆ ಬಿಸಿಲು ಹೆಚ್ಚು ಎಂದೆ. ಈಗ ನೆಪಗಳೆಲ್ಲ ತೀರಿವೆ. ನನ್ನ ಹಾಗೆ ಕೈಕಾಲು ಸೋತು ಮಲಗಿದವರು ಯಾರಾದರೂ ಓದಿದರೆ ಅವರಿಗೆ ತಾವೊಬ್ಬರೇ ಅಲ್ಲ ಎನ್ನಿಸಲಿ ಎಂಬುದು ಬರೆಯಲು ಒಂದು ಕಾರಣ. ಇನ್ನೊಂದು ಕಾರಣ ಬೇರೆ ಇದೆ. ತಡವಾದದ್ದು ಅದರಿಂದಲೇ.

ನಾನು ತಿಕೋಟಾದವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಓದು ಬರಹ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಬಬಲೇಶ್ವರದ ರಸ್ತೆಯಲ್ಲಿದ್ದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಮುಕಾದಮನಾಗಿದ್ದೆ. ಹೆಂಗಸರನ್ನು ಸಾಲಾಗಿ ಕೂರಿಸುವುದು, ದ್ರಾಕ್ಷಿಯ ತೊಟ್ಟು ಬಿಡಿಸುವ ಕೆಲಸ ನೋಡಿಕೊಳ್ಳುವುದು, ಚೀಲ ಹೊಲಿಸುವುದು. ಮಾಲೀಕರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಅಲ್ಲಿ ನನ್ನ ಮಾತೇ ಮಾತು.

ಕಾಯಿಲೆ ಬಂದದ್ದು ಆ ಕೆಲಸ ಬಿಟ್ಟ ಮೇಲೆ, ನನಗೆ ಅರವತ್ತೇಳು ನಡೆಯುವಾಗ. ಇಬ್ರಾಹಿಂಪುರದಲ್ಲಿ ನನ್ನ ಹೆಂಡತಿ ಸಿದ್ದವ್ವನ ತಂಗಿಯ ಮನೆ ಇದೆ. ಅಲ್ಲಿ ಅವಳ ಮೊಮ್ಮಗುವಿಗೆ ಹೆಸರಿಡುವ ಊಟ ಮಾಡಿ ಬಂದು ನಾಲ್ಕು ದಿನ ಹೊಟ್ಟೆ ಕೆಟ್ಟಿತ್ತು. ಅದು ವಾಸಿಯಾಯಿತು. ಎರಡು ವಾರದ ಮೇಲೆ ಅದೇ ಮನೆಗೆ ಮತ್ತೆ ಹೋಗಿದ್ದೆ. ಆ ಮನೆಯ ಹಿಂದೆಯೇ ರೈಲು ಹಳಿ. ಗಾಡಿ ಬಂದರೆ ಮೊದಲು ಅಂಗಾಲಿಗೆ ತಿಳಿಯುತ್ತದೆ, ಆಮೇಲೆ ಕಿವಿಗೆ. ಅಂದು ಹೊಸ್ತಿಲ ಮೇಲೆ ಬರಿಗಾಲಲ್ಲಿ ಕುಳಿತಿದ್ದೆ. ಗಾಡಿ ಬಂತು, ಕೂಗಿತು, ಹೋಯಿತು. ಪಕ್ಕದಲ್ಲಿದ್ದ ತಂಬಿಗೆಯ ನೀರು ನಡುಗಿದ್ದನ್ನು ಕಣ್ಣಾರೆ ನೋಡಿದೆ. ನನ್ನ ಕಾಲಿಗೆ ಏನೂ ತಿಳಿಯಲಿಲ್ಲ.

ಯಾರಿಗೂ ಹೇಳಲಿಲ್ಲ.

ಮರುದಿನ ತಿಕೋಟಾದಲ್ಲಿ ಅಂಗಡಿಗೆ ಹೋಗಿ ಮನೆಗೆ ಬಂದಾಗ ಸಿದ್ದವ್ವ ಅಂಗಳದಲ್ಲಿ ಕಸ ಗುಡಿಸುತ್ತಿದ್ದವಳು ನನ್ನ ಕಾಲು ನೋಡಿ ನಿಂತಳು.

“ಇನ್ನೊಂದ್ ಚಪ್ಪಲ್ ಎಲ್ಲಿ ಬಿಟ್ಟ್ ಬಂದ್ರಿ? ಯಾವ ದೇವರಿಗೆ ಬೇಡಿಕೊಂಡಿದ್ರಿ ಅರ್ಧಾ ಹರಕಿ?”

ನೋಡಿಕೊಂಡೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಎಷ್ಟು ದೂರ ಹಾಗೆ ನಡೆದಿದ್ದೆನೋ, ತಿಳಿಯದು. “ಉಂಗುಟ ಹರಿದಿತ್ತು, ಒಗದ್ ಬಂದೆ” ಎಂದೆ. ಅದು ಈ ಕಾಯಿಲೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು.

ಆಮೇಲೆ ಹಿತ್ತಿಲಿಗೆ ಹೋಗಿ ಒಂದು ಜಾಲಿಮುಳ್ಳು ತೆಗೆದುಕೊಂಡು ಕಾಲ ಬೆರಳಿಗೆ ಚುಚ್ಚಿಕೊಂಡೆ. ಬೇರೆಯವರ ಕಾಲಿಗೆ ಚುಚ್ಚಿದಂತಿತ್ತು. ಬಾಗಿಲು ಹಾಕಿಕೊಂಡು, ಅಂಗಿ ಬಿಚ್ಚಿ, ಗೋಡೆಯ ಕನ್ನಡಿ ಇಳಿಸಿ ಮೈಯೆಲ್ಲ ನೋಡಿಕೊಂಡೆ. ಬಿಳಿ ಮಚ್ಚೆಯೇನಾದರೂ ಇದೆಯೇ ಎಂದು. ಎಲ್ಲಿಯೂ ಇರಲಿಲ್ಲ. ಬೆನ್ನಿನ ನಡು ಭಾಗ ಮಾತ್ರ ಕನ್ನಡಿಗೆ ಸಿಗಲಿಲ್ಲ, ಆ ಒಂದು ಗೇಣು ಜಾಗ ಎರಡು ದಿನ ನನ್ನನ್ನು ಕಾಡಿತು. ಚುಚ್ಚಿದ್ದು ತಿಳಿಯದಿದ್ದರೆ ಅದು ಯಾವ ರೋಗ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ನಾನು ಅಂದುಕೊಂಡಿದ್ದೆ. ಆ ರೋಗದವರಿಗೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅದನ್ನು ಒಮ್ಮೆ ಮಾಡಿದವನೇ ನಾನು.

ಮಗ ಈರಣ್ಣ ಗೂಡ್ಸ್ ಟೆಂಪೋ ಓಡಿಸುತ್ತಾನೆ. ನಾನು ಗೋಡೆ ಹಿಡಿದು ನಡೆಯುವುದನ್ನು ಕಂಡು ಬಬಲೇಶ್ವರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಮಂಚದ ಮೇಲೆ ಮಲಗಿಸಿ, “ಕಣ್ಣ ಮುಚ್ಚರಿ. ಸೂಜಿ ತಾಕಿಸ್ತೇನಿ. ಗೊತ್ತಾದಾಗ ಹೂಂ ಅನ್ರಿ” ಎಂದರು.

ಕಣ್ಣು ಮುಚ್ಚಿದೆ. ಏನೂ ತಿಳಿಯಲಿಲ್ಲ. ಆದರೆ ಸೂಜಿ ಊರುವಾಗ ಅವರ ಅಂಗಿಯ ತೋಳು ಮಂಚದ ಅಂಚಿಗೆ ಸವರುವ ಸಪ್ಪಳ ಕೇಳುತ್ತಿತ್ತು. ಸಪ್ಪಳ ಆದಾಗಲೆಲ್ಲ ಹೂಂ ಎಂದೆ. ಇಪ್ಪತ್ತಾರು ವರ್ಷ ಹೆಂಗಸರ ಮೇಲೆ ಕಣ್ಣಿಟ್ಟವನ ಕಿವಿ ಚುರುಕಾಗಿತ್ತು. ಡಾಕ್ಟರು ಸಮಾಧಾನದಿಂದ, “ಶಕ್ತಿ ಕಡಿಮಿ ಆಗೇತಿ, ಗುಳಿಗಿ ಕೊಡ್ತೇನಿ. ಎರಡ ದಿನದಾಗ ಹಗುರ ಅನಸಲಿಲ್ಲಂದ್ರ ತಡ ಮಾಡಬ್ಯಾಡ್ರಿ, ಬಿಜಾಪುರಕ್ಕ ಹೋಗ್ರಿ” ಎಂದರು. ಅವರ ತಪ್ಪು ಏನೂ ಇಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ಕಳ್ಳತನದ್ದು.

ಎರಡು ದಿನದ ಮೇಲೆ ಬೆಳಿಗ್ಗೆ ಕಕ್ಕಸಿನಲ್ಲಿ ಕುಳಿತವನು ಏಳಲಿಲ್ಲ. ಏಳು ಎಂದು ಮನಸ್ಸು ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ನೋವಿಲ್ಲ, ಊತವಿಲ್ಲ, ಎರಡು ಕಾಲು ಕಣ್ಣ ಮುಂದೆಯೇ ಇವೆ, ನನ್ನವಲ್ಲ. ಈರಣ್ಣ ಬಾಗಿಲು ಮುರಿದು ಎತ್ತಿಕೊಂಡ. “ಯಪ್ಪಾ, ನೀ ಎಷ್ಟ್ ದಿನದಿಂದ ಹಿಂಗ ಅದಿ? ಖರೇ ಹೇಳು” ಎಂದ.

ಟೆಂಪೋದ ಹಿಂಬದಿಯಲ್ಲಿ ಕೌದಿ ಹಾಸಿ ಮಲಗಿಸಿದರು. ಬಿಜಾಪುರದ ಗಾಂಧಿ ಚೌಕದ ಹತ್ತಿರ ಗಾಡಿ ಸಿಕ್ಕಿಬಿದ್ದಿತು. ಸುತ್ತ ಆಟೋಗಳ ಒದರಾಟ. ಅಂಗಾತ ಮಲಗಿದವನಿಗೆ ಕಂಡದ್ದು ಮೇಲಿನ ತಂತಿಗಳು ಮಾತ್ರ. ಒಂದು ಕಂಬದಿಂದ ಇನ್ನೊಂದಕ್ಕೆ, ಅಲ್ಲಿಂದ ಪ್ರತಿ ಅಂಗಡಿಗೆ. ಆ ಹೊತ್ತಿಗೆ ಕೈಬೆರಳ ತುದಿಗಳೂ ಜುಮುಗುಟ್ಟತೊಡಗಿದ್ದವು. ಅದು ಮೇಲಕ್ಕೆ ಬರುತ್ತಿದೆ ಎಂದು ಅಲ್ಲಿ ನನಗೆ ಹೊಳೆಯಿತು.

ನಗರದ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ಸಣ್ಣ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಬಡಿದಳು. ಕಾಲು ಒದೆಯಲಿಲ್ಲ. ಇನ್ನೊಂದಕ್ಕೆ ಬಡಿದಳು. ಅದೂ ಸುಮ್ಮನಿತ್ತು. ಆಕೆಯ ಮುಖದಲ್ಲಿದ್ದ ನಗು ಹೋಯಿತು. ಆಮೇಲೆ ಸೂಜಿ ತೆಗೆದಳು.

“ಕಣ್ಣ ಮುಚ್ರಿ ಅಜ್ಜಾರ. ಗೊತ್ತಾಗ್ತದೇನ್ರಿ?”

“ಹೂಂನ್ರಿ.”

“ಈಗ?”

“ಹೂಂನ್ರಿ.”

“ಈಗ?”

“ಹೂಂ.”

ಆಮೇಲೆ ಆಕೆ ಮೆಲ್ಲಗೆ ಹೇಳಿದಳು: “ಕಣ್ಣ ತಗೀರಿ ಅಜ್ಜಾರ. ನಾ ಸೂಜಿ ಇನ್ನಾ ತಾಕಿಸೇ ಇಲ್ಲ.”

ಸೂಜಿ ಆಕೆಯ ಎಡಗೈಯಲ್ಲಿ ಹಾಗೇ ಇತ್ತು. ಬಲಗೈಯಿಂದ ಬರೀ ಹಾಸಿಗೆ ಸವರಿದ್ದಳು. ಈರಣ್ಣ ತಲೆ ತಗ್ಗಿಸಿದ. ಸಿದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

“ಯಾಕ ಸುಳ್ಳ ಹೇಳಿದ್ರಿ?”

“ಆ ರೋಗ ಅಂತೀರೇನೋ ಅಂತ ಅಂಜಿಕಿ ಬಂತ್ರಿ.”

“ಯಾವ ರೋಗ?”

“ಕುಷ್ಠ” ಎಂದೆ. ಆ ಶಬ್ದ ನನ್ನ ಬಾಯಿಂದ ಇಪ್ಪತ್ತು ವರ್ಷದ ಹಿಂದೆ ಒಮ್ಮೆ ಬಂದಿತ್ತು, ಆಗ ಗಟ್ಟಿಯಾಗಿ ಬಂದಿತ್ತು. ಈಗ ಪಿಸುಗುಟ್ಟಿದೆ. ಎರಡು ದಿನದ ಹಿಂದೆ ಬಬಲೇಶ್ವರದಲ್ಲೂ ಹೀಗೆಯೇ ಹೂಂ ಎಂದದ್ದನ್ನೂ ಹೇಳಿದೆ.

ಡಾಕ್ಟರು ನನ್ನನ್ನೇ ನೋಡಿದಳು. “ಅದಾಗಿದ್ರ ನಾ ಇಷ್ಟ್ ಅಂಜತಿದ್ದಿಲ್ಲ ಅಜ್ಜಾರ. ಅದಕ್ಕ ಪುಕ್ಕಟ ಗುಳಿಗಿ ಅದ, ತಿಂದ್ರ ಹೋಗ್ತದ. ಇದು ಮ್ಯಾಲ ಏರಾಕತ್ತದ. ನೀವು ಸುಳ್ಳ ಹೇಳಿದ ಎರಡ ದಿನದಾಗ ಟೊಂಕಾ ದಾಟೇದ.”

ಆಕೆ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡ ರೀತಿಯಲ್ಲೇ ಬರೆಯುತ್ತೇನೆ. ತಲೆಯೊಳಗೆ ಮಿದುಳು, ಅದರ ಬಾಲದಂತೆ ಬೆನ್ನಿನೊಳಗೆ ಹುರಿ. ಅದು ದ್ರಾಕ್ಷಿ ಬಳ್ಳಿಯ ಬೊಡ್ಡೆ ಇದ್ದಂತೆ. ಅಲ್ಲಿಂದ ಹೊರಟ ನರಗಳು ಕಡ್ಡಿಗಳಂತೆ ಬೆರಳ ತುದಿಯವರೆಗೂ ಹಬ್ಬಿರುತ್ತವೆ. ಕೆಲವು ಮೇಲಿನ ಹುಕುಂ ಕೆಳಗೆ ಒಯ್ಯುತ್ತವೆ, ಕೆಲವು ಕೆಳಗಿನ ಸುದ್ದಿ ಮೇಲೆ ತರುತ್ತವೆ. ಇನ್ನು ಕೆಲವು ನಮ್ಮನ್ನು ಕೇಳುವುದೇ ಇಲ್ಲ. ಎದೆ ಬಡಿತ, ಬೆವರು, ಹೊಟ್ಟೆಯೊಳಗಿನ ಕೆಲಸ ತಾವೇ ನೋಡಿಕೊಳ್ಳುತ್ತವೆ. ನನ್ನ ಬೊಡ್ಡೆಗೆ ಏನೂ ಆಗಿರಲಿಲ್ಲ. ಹೊಟ್ಟೆ ಕೆಡಿಸಿದ ಕ್ರಿಮಿಯನ್ನು ಹೊಡೆಯಲು ಎದ್ದ ಮೈಯ ಕಾವಲುಗಾರರೇ ಗುರುತು ತಪ್ಪಿ, ಕಡ್ಡಿಗಳ ಮೇಲಿನ ಸಿಪ್ಪೆಯನ್ನು ಸುಲಿಯುತ್ತಿದ್ದರು.

“ನಮ್ಮವರನ್ನ ನಾವs ಹೊಡದಂಗ” ಎಂದ ಈರಣ್ಣ.

“ಹೌದು” ಎಂದಳು ಡಾಕ್ಟರು. “ವೈರಿ ಅಂತ ತಿಳದು.”

ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಕೈಕಾಲಿಗೆ ಕರೆಂಟು ಕೊಟ್ಟು ನರಗಳ ವೇಗ ನೋಡಿದರು. ಔಷಧಿಯನ್ನು ಐದು ದಿನ ರಕ್ತನಾಳದೊಳಗೆ ಹನಿಹನಿಯಾಗಿ ಬಿಡಬೇಕೆಂದರು. ಆದರೆ ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಒಂದು ಸುಲಭದ ಪರೀಕ್ಷೆ. ಸಿಸ್ಟರ್ ಬಂದು, “ಉಸಿರ ತಗೊಂಡು, ಒಂದೇ ಉಸಿರಿನ್ಯಾಗ ಎಷ್ಟ್ ತನಕಾ ಆಗ್ತದ ಅಷ್ಟ್ ಎಣಸ್ರಿ” ಎನ್ನುವಳು.

ಮೊದಲ ದಿನ ಮಧ್ಯಾಹ್ನ ಇಪ್ಪತ್ತೆಂಟಕ್ಕೆ ಹೋದೆ. ಸಂಜೆ ಇಪ್ಪತ್ತೊಂದು. ಸಿಸ್ಟರ್ ಬರೆದುಕೊಂಡಳು. ಮರುದಿನ ಬೆಳಿಗ್ಗೆ ಹದಿನೈದಕ್ಕೆ ಉಸಿರು ಕಡಿಯಿತು. ಇನ್ನೊಮ್ಮೆ ನೋಡುತ್ತೇನೆ ಎಂದು ನಾನೇ ಹಟ ಮಾಡಿ ಎಣಿಸಿದೆ, ಹದಿನಾಲ್ಕು. ಸಿದ್ದವ್ವನಿಗೆ ಅಕ್ಷರ ಬಾರದು, ಎಣಿಕೆ ಬರುತ್ತದೆ. ಆಕೆ ಹಾಸಿಗೆಯ ಪಕ್ಕ ನಿಂತು ನನ್ನ ಜೊತೆ ತುಟಿಯೊಳಗೇ ಎಣಿಸುತ್ತಿದ್ದಳು, ನಾನು ನಿಂತ ಮೇಲೂ ಎರಡು ಮೂರು ಅಂಕಿ ಮುಂದೆ ಹೋಗಿ ನಿಲ್ಲುತ್ತಿದ್ದಳು. ಮಧ್ಯಾಹ್ನ ಒಂಬತ್ತು. ಕೂಡಲೇ ಪರದೆ ಎಳೆದರು, ಗಂಟಲೊಳಗೆ ನಳಿಗೆ ಹೋಯಿತು, ಯಂತ್ರ ನನ್ನ ಬದಲಿಗೆ ಉಸಿರಾಡತೊಡಗಿತು.

ಆ ಯಂತ್ರಕ್ಕೆ ಕಟ್ಟಿಕೊಂಡು ಹನ್ನೊಂದು ದಿನ ಇದ್ದೆ. ಕೈ ಏಳದು, ಕತ್ತು ತಿರುಗದು, ಮಾತಿಲ್ಲ. ಕಣ್ಣರೆಪ್ಪೆ ಮಾತ್ರ ನನ್ನ ಹುಕುಂ ಕೇಳುತ್ತಿತ್ತು. ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಎದೆ ಬಡಿತ ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡುತ್ತಿತ್ತು, ಮರುಗಳಿಗೆ ಬಾವಿಗೆ ಬಿದ್ದ ಕಲ್ಲಿನಂತೆ ಕುಸಿಯುತ್ತಿತ್ತು, ಯಂತ್ರ ಚೀರುತ್ತಿತ್ತು. ಅಂಗಾಲಿಗೆ ಸೂಜಿ ತಿಳಿಯದು, ಆದರೆ ತೊಡೆಯ ಮೇಲಿನ ಹೊದಿಕೆ ಕೆಂಡದಂತೆ ಸುಡುತ್ತಿತ್ತು. ಸುದ್ದಿ ತರುವ ನರಗಳು ಕೆಲವು ಸತ್ತಂತಿದ್ದವು, ಕೆಲವು ಸುಳ್ಳು ಸುದ್ದಿ ತರುತ್ತಿದ್ದವು. ಮಿದುಳಿಗೆ ಮಾತ್ರ ಏನೂ ಆಗಿರಲಿಲ್ಲ. ಎಲ್ಲ ನೆನಪೂ ಇತ್ತು. ಎದ್ದು ಬೇರೆ ಕಡೆ ಹೋಗುವಂತಿರಲಿಲ್ಲ.

ಅಲ್ಲಿ ನೆನಪಾದದ್ದನ್ನು ಈಗ ಹೇಳಬೇಕು.

ಶೆಡ್ಡಿನಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಇಟ್ಟಂಗಿಹಾಳದ ಕಡೆಯಿಂದ ಮದುವೆಯಾಗಿ ಬಂದವಳು, ಮೂವತ್ತರ ಒಳಗಿನ ವಯಸ್ಸು, ಮಾತುಗಾತಿ. ಮೊದಮೊದಲು ಎಲ್ಲರಿಗಿಂತ ಬೇಗ ತೊಟ್ಟು ಬಿಡಿಸುತ್ತಿದ್ದಳು. ಆ ಕೆಲಸ ಕಣ್ಣಿನದಲ್ಲ, ಬೆರಳಿನದು. ಒಣಗಿದ ಕಾಯಿಯನ್ನು ಬೆರಳ ನಡುವೆ ಉರುಳಿಸಿದರೆ ತೊಟ್ಟು ಇದೆಯೋ ಇಲ್ಲವೋ ತಾನೇ ತಿಳಿಯಬೇಕು. ಆ ವರ್ಷ ಆಕೆ ಬಿಡಿಸಿದ ರಾಶಿಯಲ್ಲಿ ತೊಟ್ಟು ಉಳಿಯತೊಡಗಿತು. ಎರಡು ಸಲ ಬೈದೆ.

“ಯಾಕ ಬೇ, ಲಕ್ಷ್ಯ ಎಲ್ಲೈತಿ ನಿಂದು? ಬಾಯಿ ಓಡಿದಂಗ ಕೈ ಓಡವಲ್ದಲ್ಲ?”

“ಬೆರಳಿಗೆ ತಿಳೀವಲ್ದ್ರಿ ಮುಕಾದಮ್ರ. ಜೋಮ ಹಿಡಿದಂಗ ಇರ್ತಾವು” ಎಂದಳು.

ನೆಟ್ಟಗೆ ಹೇಳಿದ್ದಳು. ಏನನ್ನೂ ಮುಚ್ಚಿಡಲಿಲ್ಲ. ಕೆಲಸಗಳ್ಳತನದ ಮಾತು ಎಂದು ನಾನು ತಿಳಿದೆ.

ಒಂದು ಮಧ್ಯಾಹ್ನ ಚೀಲ ಹೊಲಿಯುವ ದಬ್ಬಣ ನನ್ನ ಕೈಯಲ್ಲಿತ್ತು. ಆಕೆ ಪಕ್ಕದವಳಿಗೆ ಯಾವುದೋ ಮದುವೆಯ ಕತೆ ಹೇಳುತ್ತಿದ್ದಳು. ಎಡಗೈ ಚೀಲದ ಮೇಲೆ ಊರಿತ್ತು. ನಾನು ಹಿಂದಿನಿಂದ ಹೋಗಿ, ಎದುರು ಕುಳಿತವರಿಗೆ ಕಣ್ಣು ಮಿಟುಕಿಸಿ, ಸುಮ್ಮನಿರಿ ಎಂದು ಬಾಯಿಗೆ ಬೆರಳಿಟ್ಟು ತೋರಿಸಿ, ಆಕೆಯ ಕಿರುಬೆರಳ ಬದಿಗೆ ದಬ್ಬಣದ ಮೊನೆ ಊರಿದೆ. ಬೆಚ್ಚಿಬಿದ್ದು ಚೀರಲಿ, ಎಲ್ಲರೂ ನಗಲಿ ಎಂದು. ಮೊದಲು ನಕ್ಕರು ಕೂಡ.

ಆಕೆ ಕತೆ ನಿಲ್ಲಿಸಲಿಲ್ಲ. ನಾನು ಇನ್ನಷ್ಟು ಊರಿದೆ. ಆಕೆ ಮಾತಾಡುತ್ತಲೇ ಇದ್ದಳು, “ಮದುಮಗನ ಮಾವ ಊಟಕ್ಕ ಕುಂದರಲೇ ಇಲ್ಲ ನೋಡು” ಎನ್ನುತ್ತ ತಾನೂ ನಗುತ್ತಿದ್ದಳು. ಹಳದಿ ದ್ರಾಕ್ಷಿಯ ಮೇಲೆ ಒಂದು ಹನಿ ರಕ್ತ ಬಿತ್ತು. ಸಾಲಿನ ನಗು ಒಬ್ಬೊಬ್ಬರದಾಗಿ ನಿಂತಿತು. ಆಕೆ ಒಬ್ಬಳೇ ಇನ್ನೂ ನಗುತ್ತಿದ್ದಳು. ಎದುರಿನವರ ಮುಖ ನೋಡಿ, ಅವರು ನೋಡುತ್ತಿದ್ದ ಕಡೆ ನೋಡಿ, ತನ್ನ ಬೆರಳನ್ನು ಕಂಡಳು.

ಹಿರಿಯ ಹೆಂಗಸೊಬ್ಬಳು ತಾನು ಕುಳಿತಿದ್ದ ಗೋಣಿಚೀಲವನ್ನು ಹಿಂದಕ್ಕೆ ಎಳೆದುಕೊಂಡಳು. ಆಗ ನಾನು ಆ ಶಬ್ದ ಹೇಳಿದೆ. ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದೆ.

“ನಾ ಏನ್ ಮಾಡೇನ್ರಿ?” ಎಂದಳು.

“ನಾಳಿಂದ ಬರಬ್ಯಾಡ” ಎಂದೆ.

ಆಕೆ ಕುಳಿತಿದ್ದ ಚೀಲ ಮಡಚಿದಳು. ಬುತ್ತಿ ಡಬ್ಬಿ ತರಲು ಗೋಡೆಯ ಹತ್ತಿರ ಹೋದರೆ, ಅದನ್ನು ಆಗಲೇ ಯಾರೋ ಕೋಲಿನಿಂದ ಹೊರಕ್ಕೆ ನೂಕಿದ್ದರು. ಮಣ್ಣಿನಲ್ಲಿ ಬಿದ್ದಿತ್ತು. ಒರೆಸಿಕೊಂಡು ಹೋದಳು. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು, ತಿಂಗಳೊಳಗೆ ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದರೆಂದು ಕೇಳಿದೆ. ಆಮೇಲೆ ಶೆಡ್ಡಿನಲ್ಲಿ ಯಾರೂ ಆಕೆಯ ಹೆಸರು ಎತ್ತುತ್ತಿರಲಿಲ್ಲ. ‘ಆ ರೋಗದಾಕಿ’ ಎನ್ನುತ್ತಿದ್ದರು. ಆ ಹೆಸರು ಇಟ್ಟವನು ನಾನು.

ಶೆಡ್ಡಿಗೆ ಹೋಗುವ ದಾರಿಯಲ್ಲಿ ಒಂದು ಶಾಲೆಯ ಗೋಡೆ ಇತ್ತು. ಅದರ ಮೇಲೆ ದೊಡ್ಡ ನೀಲಿ ಅಕ್ಷರದಲ್ಲಿ ಬರೆದಿತ್ತು: ಮುಟ್ಟಿದ್ದು ತಿಳಿಯದ ಮಚ್ಚೆ ಇದ್ದರೆ ಆಸ್ಪತ್ರೆಗೆ ಬನ್ನಿ, ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ದಿನಾಲು ಸೈಕಲ್ ಮೇಲೆ ಅದನ್ನು ದಾಟಿ ಹೋಗುತ್ತಿದ್ದೆ. ಆ ಶೆಡ್ಡಿನಲ್ಲಿ ಓದಲು ಬರುತ್ತಿದ್ದವನು ನಾನೊಬ್ಬನೇ. ಆಕೆ ‘ಬೆರಳಿಗೆ ತಿಳೀವಲ್ದು’ ಎಂದಾಗ ನಾನು ಹೇಳಬೇಕಾಗಿದ್ದದ್ದು ಆ ಗೋಡೆಯ ಮೇಲಿತ್ತು.

ಯಂತ್ರಕ್ಕೆ ಕಟ್ಟಿಕೊಂಡು ಮಲಗಿದ್ದಾಗ ಆ ಗೋಡೆಯ ಒಂದೊಂದು ಅಕ್ಷರವೂ ಕಣ್ಣ ಮುಂದೆ ಬರುತ್ತಿತ್ತು. ಡಾಕ್ಟರು ದಿನಕ್ಕೆರಡು ಸಲ ಬಂದು ಕಾಲಿಗೆ, ತೊಡೆಗೆ, ಹೊಟ್ಟೆಗೆ ಸೂಜಿ ತಾಕಿಸಿ “ಗೊತ್ತಾಗ್ತದೇನ್ರಿ?” ಎನ್ನುವಳು. ನಾನು ಎರಡು ಸಲ ಕಣ್ಣು ಮುಚ್ಚುವೆ. ಈಗ ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ.

ಒಂದು ದಿನ ಸಿದ್ದವ್ವ ಭೇಟಿಯ ಹೊತ್ತಿನಲ್ಲಿ ಬಂದು ಕಿವಿಯ ಹತ್ತಿರ ಬಾಗಿದಳು. “ಆಕಿ ನೆನಪಾಗ್ತಾಳೇನು?” ಎಂದಳು.

ಒಮ್ಮೆ ಕಣ್ಣು ಮುಚ್ಚಿದೆ.

“ನನಗೂ. ಅವತ್ತ ಆ ಸಾಲಿನ್ಯಾಗ ನಾನೂ ಕುಂತಿದ್ದೆ. ಮೊದಲ ನಕ್ಕಾಕಿ ನಾನs.”

ಅದು ನಿಜ. ಸಿದ್ದವ್ವನೂ ಅಲ್ಲಿ ಕೆಲಸ ಮಾಡುತ್ತಿದ್ದಳು. ಅಂದಿನಿಂದ ಮನೆಯಲ್ಲಿ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ. ಆಕೆ ನನ್ನ ಕಣ್ಣ ನೀರು ಒರೆಸಿದಳು; ನನಗೆ ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಆ ಹೊತ್ತಿಗೆ ಒಂದು ಆಣೆ ಮಾಡಿಕೊಂಡೆ. ಬಾಯಿ ಮರಳಿ ಬಂದರೆ ಮೊದಲ ಮಾತು ಆ ಹೆಣ್ಣುಮಗಳ ಹೆಸರೇ ಆಗಬೇಕು. ಆಕೆ ಎಲ್ಲಿದ್ದರೂ ಹುಡುಕಿಸಿ, ತಪ್ಪಾಯಿತು ಎನ್ನಬೇಕು.

ಹನ್ನೆರಡನೆಯ ದಿನ ನಳಿಗೆ ತೆಗೆದರು. ಸಿಸ್ಟರ್ ಬಾಗಿ, “ಏನರೇ ಮಾತಾಡ್ರಿ ಅಜ್ಜಾರ, ದನಿ ಕೇಳೂಣು” ಎಂದಳು.

“ಚಾ” ಎಂದೆ.

ಸಿಸ್ಟರ್ ನಕ್ಕಳು. ಸಿದ್ದವ್ವ ಅಳುತ್ತಲೇ, “ಸತ್ತು ಹುಟ್ಟಿ ಬಂದ್ರೂ ಚಾ ಬಿಡಲಿಲ್ಲ ಈ ಮನಶ್ಯಾ” ಎಂದಳು. ನಾನೂ ನಗಲು ನೋಡಿದೆ. ಆಣೆ ಮಾಡಿಕೊಂಡಿದ್ದ ಹೆಸರು ಬಂದಿರಲಿಲ್ಲ. ನನ್ನ ಮೈಯಲ್ಲಿ ರೋಗ ಬಂದರೂ ಸುಲಿದುಹೋಗದೆ ಉಳಿದದ್ದು ಈ ನುಣುಚಿಕೊಳ್ಳುವ ಗುಣ ಎಂದು ಆಗ ಗೊತ್ತಾಯಿತು.

ಏರಿದ ದಾರಿಯಲ್ಲೇ ರೋಗ ಇಳಿಯತೊಡಗಿತು, ಆದರೆ ಏರುವಾಗ ದಿನಗಳಲ್ಲಿ ಏರಿದ್ದು ಇಳಿಯುವಾಗ ತಿಂಗಳುಗಳಲ್ಲಿ ಇಳಿಯಿತು. ಮೊದಲು ಕತ್ತು ಬಂತು, ಆಮೇಲೆ ಭುಜ. ಕೈಗೆ ಚಮಚ ಹಿಡಿಯಲು ಬಂದ ದಿನ ಈರಣ್ಣ ಫೋಟೋ ತೆಗೆದ. ಎರಡು ಕೋಲು, ಆಮೇಲೆ ಒಂದು ಕೋಲು. ಈ ಕಾಯಿಲೆಯಲ್ಲಿ ಮಲಗಿದವರಿಗೆ ಹೇಳುತ್ತೇನೆ, ನರದ ಸಿಪ್ಪೆ ಮತ್ತೆ ಬೆಳೆಯುತ್ತದೆ. ಅವಸರ ಮಾಡಿದರೆ ಬೆಳೆಯುವುದಿಲ್ಲ. ಜೊತೆಗೆ ಎಣಿಸುವವರು ಯಾರಾದರೂ ಇದ್ದರೆ ಒಳ್ಳೆಯದು.

ಅಂಗಾಲು ಮಾತ್ರ ಮರಳಲಿಲ್ಲ. ತುದಿಯ ಕಡ್ಡಿ ಪೂರ್ತಿ ಒಣಗಿದೆ ಎಂದಳು ಡಾಕ್ಟರು. ಕಾಲು ನೆಲದ ಮೇಲಿದೆ ಎಂದು ಕಣ್ಣಿನಿಂದ ನೋಡಿಯೇ ನಡೆಯಬೇಕು. ಕಣ್ಣು ಮುಚ್ಚಿ ಮುಖ ತೊಳೆಯಲು ಹೋದರೆ ಬಿದ್ದುಬಿಡುತ್ತೇನೆ.

ಅದೇ ಆಸ್ಪತ್ರೆಯಲ್ಲಿ ಬುಧವಾರ ಮತ್ತು ಶುಕ್ರವಾರ ಕಾಲಿನ ಸ್ಪರ್ಶ ಹೋದವರನ್ನು ನೋಡುತ್ತಾರೆ. ಸಕ್ಕರೆ ಕಾಯಿಲೆಯವರು, ನನ್ನಂಥವರು, ಆ ರೋಗ ವಾಸಿಯಾದವರು, ಎಲ್ಲರೂ ಒಂದೇ ಬೆಂಚಿನ ಮೇಲೆ. ನಾನು ಮೊದಲ ಸಲ ಹೋದ ಬುಧವಾರ ಬಾಯಿಗೆ ಮಾಸ್ಕ್ ಇತ್ತು, ಮೈ ಅರ್ಧಕ್ಕರ್ಧ ಇಳಿದಿತ್ತು, ಶೆಡ್ಡಿನಲ್ಲಿದ್ದಾಗಿನ ಮೀಸೆ ತಲೆಗೂದಲು ಏನೂ ಉಳಿದಿರಲಿಲ್ಲ. ಬೆಂಚಿನ ಎದುರು ಹಸಿರು ಸೀರೆಯ ಹೆಂಗಸೊಬ್ಬಳು ನೆಲದ ಮೇಲೆ ಕುಳಿತು ಹೊಸಬರಿಗೆ ಕಾಲು ನೋಡಿಕೊಳ್ಳುವುದನ್ನು ಹೇಳಿಕೊಡುತ್ತಿದ್ದಳು. ಮುಂದೆ ಒಂದು ಬೋಗುಣಿ ನೀರು, ಒಂದು ಸಣ್ಣ ಕನ್ನಡಿ. ಎಡಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು.

“ಅಂಜಬ್ಯಾಡ್ರಿ” ಎನ್ನುತ್ತಿದ್ದಳು. ತನ್ನ ಹೆಸರು ಹೇಳಿ, ಊರು ಹೇಳಿ, “ನನಗ ಕುಷ್ಠ ಇತ್ತು. ಒಂದ ವರ್ಷ ಗುಳಿಗಿ ತಿಂದೆ, ಹೋತು. ಗುಳಿಗಿ ಐತಿ ಅಂತ ಹೇಳವ್ರು ತಡಾ ಸಿಕ್ಕರು, ಅದಕ್ಕ ಕೈ ಹಿಂಗ ಆತು. ಇಲ್ಲಂದ್ರ ಇದೂ ನೆಟ್ಟಗ ಇರತಿತ್ತು” ಎಂದಳು. ಯಾವುದೋ ಅಡುಗೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು.

ನಾನು ಎದ್ದು ಹೋಗಬೇಕೆಂದುಕೊಂಡೆ. ನನ್ನ ಕಾಲಿನಿಂದ ಬೇಗ ಏಳುವುದು ಆಗದ ಕೆಲಸ. ಅಷ್ಟರಲ್ಲಿ ಆಕೆ ನನ್ನ ಮುಂದೆ ಸರಿದಳು.

“ಯಾವೂರ್ರಿ?”

“ತಿಕೋಟಾ” ಎಂದೆ. ಮಾಸ್ಕಿನೊಳಗಿನಿಂದ ಅಷ್ಟೇ ಮಾತು.

ಆಕೆ ನನ್ನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಕೆ ಮುಟ್ಟಿದ್ದು ನನಗೆ ತಿಳಿಯಲಿಲ್ಲ, ನೋಡಿದೆ ಅಷ್ಟೆ. ಅಂಗಾಲು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. ನೆಟ್ಟಗಿದ್ದ ಬೆರಳುಗಳಿಂದ ಚಿವುಟಿ ಏನನ್ನೋ ಎಳೆದಳು. ಅರ್ಧ ಬೆರಳುದ್ದದ ಜಾಲಿಮುಳ್ಳು. ಚಪ್ಪಲಿ ತೂರಿ ಒಳಗೆ ಹೋಗಿ, ಹೊರಗೆ ಮುರಿದಿತ್ತು. ಅದರ ಹಿಂದೆ ಕೀವು ಬಂತು, ಆಮೇಲೆ ರಕ್ತ. ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ನೋವು ಇರಲಿಲ್ಲ.

“ಎಷ್ಟ ದಿನದ್ರಿ ಇದು?”

“ಗೊತ್ತಿಲ್ಲ.”

ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು ನನಗೆ ಗಾಯ ತೋರಿಸಿದಳು. ಅರಿವೆಯಿಂದ ಒತ್ತಿ ರಕ್ತ ನಿಲ್ಲಿಸಿದಳು. ಆಮೇಲೆ ತಲೆ ಎತ್ತದೆ ಹೇಳಿದಳು:

“ನೋವ ಆಗಲಿಲ್ಲಂತ ಖುಷಿ ಪಡಬಾರದು. ಚುಚ್ಚಿದ್ದು ತಿಳೀಲಿಲ್ಲಂದ್ರ ಮಂದಿಗೆ ಮೊದಲ ಕಾಣಸ್ತದ, ನಮಗ ಕಡೀಕ ಕಾಣಸ್ತದ. ದಿನಾ ಕಣ್ಣಿಲೆ ನೋಡ್ಕೋಬೇಕ್ರಿ, ಮುಕಾದಮ್ರ.”

ಅಲ್ಲಿ ನನ್ನನ್ನು ಯಾರೂ ಮುಕಾದಮ ಎಂದಿರಲಿಲ್ಲ. ಚೀಟಿಯಲ್ಲಿ ಹಾಗೆ ಬರೆದಿರಲಿಲ್ಲ.

ಮಾಸ್ಕ್ ಕೆಳಗೆ ಎಳೆದೆ. ಬಾಯಿ ತೆರೆದೆ. ನಾಲಿಗೆ ನನ್ನದೇ ಆಗಿತ್ತು, ಉಸಿರು ನನ್ನದೇ ಆಗಿತ್ತು. ತಲೆಯಿಂದ ನಾಲಿಗೆಗೆ ಹೋಗುವ ದಾರಿ ಡಾಕ್ಟರು ನೋಡಿ ಸರಿಯಿದೆ ಎಂದಿದ್ದಳು. ಆಕೆ ಕಾದಳು. ಎಷ್ಟು ಹೊತ್ತು ಕಾದಳೋ, ಇಪ್ಪತ್ತೆಂಟು ಎಣಿಸುವಷ್ಟು ಹೊತ್ತು ಇರಬಹುದು. ಒಳಗಿನಿಂದ ನನ್ನ ಹೆಸರು ಕೂಗಿದರು. ನಾನು ಕೋಲು ಹಿಡಿದು ಎದ್ದು ಒಳಗೆ ಹೋದೆ.

ಹೊರಗೆ ಬಂದಾಗ ಆಕೆ ಇನ್ನೊಬ್ಬ ಮುದುಕಿಯ ಕಾಲು ತೊಡೆಯ ಮೇಲಿಟ್ಟುಕೊಂಡು ಏನೋ ಹೇಳಿ ನಗಿಸುತ್ತಿದ್ದಳು. ಬಾಗಿಲವರೆಗೂ ಕೋಲು ಊರಿಕೊಂಡು ಹೋದೆ. ಹಿಂದಿರುಗಿ ನೋಡಲಿಲ್ಲ. ಆಕೆ ಕರೆಯಲೂ ಇಲ್ಲ.

ಮುಂದಿನ ಸಲದಿಂದ ನನ್ನ ದಿನವನ್ನು ಶುಕ್ರವಾರಕ್ಕೆ ಬದಲಿಸಿ ಎಂದು ಸಿಸ್ಟರ್‌ಗೆ ಕೇಳಿಕೊಂಡೆ. ಈರಣ್ಣನಿಗೆ ಬುಧವಾರ ಬಾಡಿಗೆ ಹೆಚ್ಚು ಎಂದೆ. ಅದು ಸುಳ್ಳು. ಮೂರು ವರ್ಷದಿಂದ ಶುಕ್ರವಾರ ಹೋಗುತ್ತಿದ್ದೇನೆ. ಆಕೆ ಇನ್ನೂ ಪ್ರತಿ ಬುಧವಾರ ಬರುತ್ತಾಳೆಂದು ಸಿಸ್ಟರ್ ಹೇಳುತ್ತಾಳೆ. ನಡುವೆ ಎರಡು ದಿನ ಅಷ್ಟೆ. ನನಗೆ ಬಂದ ಈ ರೋಗ ಕೆಲವರಿಗೆ ಮತ್ತೊಮ್ಮೆ ಬರುತ್ತದೆಂದು ಡಾಕ್ಟರು ಹೇಳಿದ್ದಾಳೆ. ಬೆಳಿಗ್ಗೆ ಏಳುತ್ತಲೇ ಬೆರಳ ತುದಿ ಮುಟ್ಟಿ ನೋಡಿಕೊಳ್ಳುತ್ತೇನೆ, ಒಂದು ಉಸಿರಿನಲ್ಲಿ ಎಣಿಸಿ ನೋಡುತ್ತೇನೆ. ಮೊನ್ನೆ ಇಪ್ಪತ್ತಾರಕ್ಕೆ ನಿಂತಿತು. ನಿನ್ನೆ ಇಪ್ಪತ್ತನಾಲ್ಕಕ್ಕೆ. ವಯಸ್ಸಿನದ್ದು ಇರಬಹುದು.

ಇಷ್ಟು ಬರೆದು ಸಿದ್ದವ್ವನಿಗೆ ಓದಿ ಹೇಳಿದೆ. ಆಕೆ ಕಾಳು ಆರಿಸುತ್ತ ಪೂರ್ತಿ ಕೇಳಿದಳು. ತಾನು ನಕ್ಕದ್ದು ಬಂದಾಗ ಕೈ ನಿಲ್ಲಿಸಿದಳು, ಅದನ್ನು ತೆಗೆ ಎನ್ನಲಿಲ್ಲ.

“ಎಲ್ಲಾ ಬರದೀರಿ” ಎಂದಳು. “ದಬ್ಬಣ ಬರದೀರಿ, ಚಾ ಬರದೀರಿ, ನನ್ನ ಹೆಸರೂ ಬರದೀರಿ. ಆಕಿ ಹೆಸರs ಇಲ್ಲಲ್ಲ?”

“ಆಕಿಗೆ ತ್ರಾಸ ಆಗಬಾರದಂತ.”

“ಆಕಿ ದವಾಖಾನಿ ತುಂಬ ಒದರಿ ಹೇಳ್ತಾಳ ತನ್ನ ಹೆಸರ. ತ್ರಾಸ ಯಾರಿಗೆ ಐತ್ರಿ?”

ಆಕೆ ಕಾಳಿನ ಮೊರ ತೆಗೆದುಕೊಂಡು ಎದ್ದು ಒಳಗೆ ಹೋದಳು. ನಾನು ಪೆನ್ನು ತೆಗೆದುಕೊಂಡೆ. ಇದು ಕ್ಷಮೆ ಕೇಳಿದ್ದಲ್ಲ, ಅದನ್ನು ಮುಖ ನೋಡಿಯೇ ಕೇಳಬೇಕು, ನಾನು ಇನ್ನೂ ಕೇಳಿಲ್ಲ. ಇಂದು ಮಂಗಳವಾರ.

ಆಕೆಯ ಹೆಸರು ಗುರವ್ವ.